ದುಃಖದ ಮನೆಗೊಂದು ಬಟ್ಟಲು ಬಾರ್ಲಿ ಗಂಜಿ



ನಿರ್ಜೀವ ಭೂಮಿಗೆ ಜೀವ ಕೊಟ್ಟು, ಮನುಷ್ಯನು ಉಣ್ಣುವ ಧಾನ್ಯವನ್ನು ಅದರಿಂದ ಹೊರತಂದುದು ತನ್ನ ದೃಷ್ಟಾಂತವೆಂದು ಅಲ್ಲಾಹನು ಸೂರಃ ಯಾಸೀನ್‌ನಲ್ಲಿ (36:33) ತಿಳಿಸಿದ್ದಾನೆ. ಮಾನವನು ಬಿತ್ತಿ ಬೆಳೆದ ಅತಿ ಹಳೆಯ ಧಾನ್ಯಗಳಲ್ಲೊಂದು ಜವೆಗೋಧಿ, ಅಂದರೆ ಬಾರ್ಲಿ. ಪಶ್ಚಿಮ ಏಷ್ಯಾದಲ್ಲಿ ಸುಮಾರು 10,000 ವರ್ಷಗಳ ಹಿಂದೆಯೇ ಅದರ ಬೇಸಾಯವಿತ್ತು. ಕಡಿಮೆ ನೀರಿನಲ್ಲಿ, ಉಪ್ಪು ನೆಲದಲ್ಲಿಯೂ ಗೋಧಿಗಿಂತ ಚೆನ್ನಾಗಿ ಬೆಳೆಯುವುದರಿಂದ ಅದು ಬಡವರ ಅನ್ನವಾಯಿತು.

ಮದೀನಾದಲ್ಲಿ ಪ್ರವಾದಿವರ್ಯರ(ಸ) ಮನೆಯ ರೊಟ್ಟಿಯೂ ಹೆಚ್ಚಾಗಿ ಅದರದೇ. ಆಗ ಜರಡಿ ಇರಲಿಲ್ಲ. ಬೀಸಿದ ಹಿಟ್ಟನ್ನು ಊದಿ, ಹಾರುವಷ್ಟು ಹೊಟ್ಟು ಹಾರಿದ ಮೇಲೆ ಉಳಿದುದನ್ನು ನಾದುತ್ತಿದ್ದರೆಂದು ಸಹ್ಲ್ ಬಿನ್ ಸಅದ್(ರ) ವರದಿ ಮಾಡಿದ್ದಾರೆ. ಪ್ರವಾದಿವರ್ಯರು(ಸ) ಇಹಲೋಕ ತ್ಯಜಿಸಿದಾಗ ಅವರ ಯುದ್ಧಕವಚವು 30 ಸಾಅ್ ಬಾರ್ಲಿಗಾಗಿ ಓರ್ವ ಯಹೂದಿಯ ಬಳಿ ಅಡವಿತ್ತು. ಎರಡೂ ವರದಿಗಳು ಬುಖಾರಿಯಲ್ಲಿವೆ. ಮನೆಯವರ ಹೊಟ್ಟೆಗಾಗಿ ಕವಚ ಅಡವಿಟ್ಟರೇ ಹೊರತು, ಜನರ ಹೊಗಳಿಕೆಗಾಗಿ ಸಾಲ ಮಾಡಲಿಲ್ಲ!

ಆ ಹೊಟ್ಟಿನ ರೊಟ್ಟಿಯ ಬೆಲೆಯನ್ನು ಇಂದು ವೈದ್ಯರೂ ಒಪ್ಪುತ್ತಾರೆ. ಬಾರ್ಲಿಯಲ್ಲಿರುವ ಬೀಟಾ ಗ್ಲುಕಾನ್ ಎಂಬ ನಾರು ಕರುಳಿನಲ್ಲಿ ಲೋಳೆಯಾಗಿ, ರಕ್ತದ ಕೊಲೆಸ್ಟರಾಲನ್ನು ತಗ್ಗಿಸಲು ನೆರವಾಗುತ್ತದೆ. ಊಟದ ಬಳಿಕ ಸಕ್ಕರೆ ಥಟ್ಟನೆ ಏರದಂತೆ ತಡೆಯುತ್ತದೆ. ದಿನಕ್ಕೆ 3 ಗ್ರಾಂ ಈ ನಾರು ಹೃದಯಕ್ಕೆ ಹಿತವೆಂದು ಹೇಳಲು ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು 2006ರಲ್ಲಿ ಅನುಮತಿ ನೀಡಿತು. ಆದರೆ ಇದು ಆಹಾರ, ಮಂತ್ರವಲ್ಲ. ಸುನ್ನತ್ತಿನ ಹೆಸರು ಹೇಳಿ ಸಕ್ಕರೆ ಕಾಯಿಲೆಯ ಮಾತ್ರೆ ಬಿಡಿಸುವವರನ್ನು ನಂಬಬೇಡಿ. ಚಿಕಿತ್ಸೆ ಮಾಡಿಕೊಳ್ಳಿರೆಂದು ಆದೇಶಿಸಿದವರೂ ಪ್ರವಾದಿವರ್ಯರೇ(ಸ). ಗ್ಲುಟೆನ್ ಒಗ್ಗದವರಂತೂ ಬಾರ್ಲಿಯನ್ನು ಮುಟ್ಟಬಾರದು.

ನನ್ನ ಮನಸ್ಸನ್ನು ಹೆಚ್ಚು ತಟ್ಟಿದ್ದು ಇನ್ನೊಂದು ವರದಿ. ಕುಟುಂಬದಲ್ಲಿ ಯಾರಾದರೂ ತೀರಿಕೊಂಡು, ನೆರೆದ ಮಹಿಳೆಯರು ಚದುರಿದ ಬಳಿಕ, ಹ. ಆಯಿಶಾ(ರ) ಒಂದು ಪಾತ್ರೆ ತಲ್ಬೀನಾ ಬೇಯಿಸಿ, ಉಳಿದ ಮನೆಯವರಿಗೆ ಉಣಿಸುತ್ತಿದ್ದರು. ಅದು ರೋಗಿಯ ಹೃದಯಕ್ಕೆ ನೆಮ್ಮದಿ ನೀಡಿ, ದುಃಖವನ್ನು ಸ್ವಲ್ಪ ಹಗುರಗೊಳಿಸುತ್ತದೆಂದು ಪ್ರವಾದಿವರ್ಯರಿಂದ(ಸ) ಕೇಳಿದ್ದರು. ತಲ್ಬೀನಾ ಎಂದರೆ ಬಾರ್ಲಿ ಹಿಟ್ಟಿನ ತೆಳು ಗಂಜಿ; ಹಾಲಿನಂತೆ ಬೆಳ್ಳಗಿರುವುದರಿಂದ ಆ ಹೆಸರು.

ನಮ್ಮಲ್ಲಿ ನಡೆಯುವುದೇನು? ಒಮ್ಮೆ ಮರಣದ ಮನೆಯೊಂದಕ್ಕೆ ಮೂರನೆಯ ದಿನ ಹೋಗಿದ್ದೆ. ಅಂಗಳದಲ್ಲಿ ಬಿರಿಯಾನಿಯ ಡೇಗ್ಚಿ ಕುದಿಯುತ್ತಿತ್ತು. ತಂದೆಯನ್ನು ಕಳೆದುಕೊಂಡ ಹುಡುಗ ಅಡುಗೆಯವನಿಗೆ ಕೊಡಬೇಕಾದ ಹಣಕ್ಕಾಗಿ ನೆಂಟರೊಬ್ಬರ ಮುಂದೆ ಕೈಕಟ್ಟಿ ನಿಂತಿದ್ದ. ಒಳಗೆ ಅವನ ತಾಯಿ ಬೆಳಗಿನಿಂದ ಏನೂ ತಿಂದಿರಲಿಲ್ಲ. ನಾನೂ ಆ ಪಂಕ್ತಿಯಲ್ಲಿ ಕುಳಿತು ಉಂಡೆ. ಅಲ್ಲಾಹನು ನನ್ನನ್ನು ಕ್ಷಮಿಸಲಿ.

ಜಅ್ಫರ್(ರ) ಹುತಾತ್ಮರಾದಾಗ, ಅವರ ಮನೆಯವರಿಗೆ ಅಡುಗೆ ಮಾಡಿಕೊಡಿರೆಂದು ಪ್ರವಾದಿವರ್ಯರು(ಸ) ಇತರರಿಗೆ ಹೇಳಿದ್ದರು. ನಾವು ಅದನ್ನು ತಿರುವುಮುರುವು ಮಾಡಿದ್ದೇವೆ. ಸಹೋದರಿಯರೇ, ನೆರೆಮನೆಯಲ್ಲಿ ಸಾವಾದರೆ ಎರಡು ಚಮಚ ಬಾರ್ಲಿ ಹಿಟ್ಟನ್ನು ನೀರಿನಲ್ಲಿ ಕಲಸಿ, ಸಣ್ಣ ಉರಿಯಲ್ಲಿ ಬೇಯಿಸಿ, ಹಾಲು, ಸ್ವಲ್ಪ ಜೇನು ಬೆರೆಸಿ ಕೊಂಡೊಯ್ಯಿರಿ. ಆ ತಾಯಿಯ ಪಕ್ಕ ಕುಳಿತು ಉಣಿಸಿರಿ.

ಸುನ್ನತ್ತು ಧಾನ್ಯದಲ್ಲಿ ಮಾತ್ರವಲ್ಲ, ಬಡಿಸುವ ಕೈಯಲ್ಲಿಯೂ ಇದೆ. ಅದನ್ನು ಅನುಸರಿಸುವ ಸೌಭಾಗ್ಯವನ್ನು ಅಲ್ಲಾಹನು ನಮಗೆಲ್ಲ ಕರುಣಿಸಲಿ, ಆಮೀನ್.