ಔಟ್ ಯಾರ ಲೆಕ್ಕಕ್ಕೆ?

ಖೋ-ಖೋ ಪಂದ್ಯದ ಅಂಕಪಟ್ಟಿ ಬರೆಯಲು ಕುಳಿತವರ ಕಣ್ಣು ಇಬ್ಬರ ಮೇಲಿರುತ್ತದೆ: ಮುಟ್ಟಿದವಳು, ಮುಟ್ಟಿಸಿಕೊಂಡವಳು. ಯಾವ ನಂಬರಿನವಳು ಯಾವ ನಂಬರಿನವಳನ್ನು ಎಷ್ಟು ಹೊತ್ತಿಗೆ ಔಟ್ ಮಾಡಿದಳು ಎಂಬುದು ಪಟ್ಟಿಗೆ ಏರುತ್ತದೆ. ಆ ಔಟಿಗೆ ಮುಂಚೆ ಖೋ ಆರು ಬೆನ್ನು ದಾಟಿ ಬಂದಿದ್ದರೂ ಆ ಆರು ಮಂದಿಗೆ ಅಲ್ಲಿ ಜಾಗವಿಲ್ಲ. ನಾನು ಯಾದಗಿರಿ ಜಿಲ್ಲೆಯ ಕಡೇಚೂರು ಭಾಗದ ಸರ್ಕಾರಿ ಪ್ರೌಢಶಾಲೆಯೊಂದರಲ್ಲಿ ದೈಹಿಕ ಶಿಕ್ಷಕ, ಮಕ್ಕಳ ಬಾಯಲ್ಲಿ ‘ಪಿ.ಟಿ. ಸರ’. ಇಂಥ ಪಟ್ಟಿಗಳನ್ನು ಬರೆಯುತ್ತಲೇ ಬಂದವನು. ಹುಡುಗಿಯರ ತಂಡ ಕಟ್ಟುವಾಗ ನನ್ನನ್ನು ಕಾಡುವ ಪ್ರಶ್ನೆಗೆ ವ್ಯಾಯಾಮದ ಪುಸ್ತಕದಲ್ಲಿ ಉತ್ತರ ಸಿಗುವುದಿಲ್ಲ. ಒಂದು ಕೆಲಸ ಆಯಿತು ಅಂದಾಗ, ಮಾಡಿದವರು ಯಾರು?

ಆಟ ಮರೆತವರಿಗಾಗಿ ಎರಡು ಮಾತು. ಬೆನ್ನಟ್ಟುವ ಒಂಬತ್ತು ಮಂದಿಯಲ್ಲಿ ಎಂಟು ಮಂದಿ ನಡುಗೆರೆಯ ಚೌಕಗಳಲ್ಲಿ, ಒಬ್ಬರು ಈ ಕಡೆ ಒಬ್ಬರು ಆ ಕಡೆ ಮುಖ ಮಾಡಿ ಕುಳಿತಿರುತ್ತಾರೆ. ಓಡುವವಳು ಒಬ್ಬಳೇ. ಅವಳು ಹಿಡಿದ ದಿಕ್ಕನ್ನು ಕಂಬ ಮುಟ್ಟುವವರೆಗೆ ಬದಲಿಸುವಂತಿಲ್ಲ, ಕುಳಿತವರ ಸಂದಿಯಲ್ಲಿ ನುಸುಳುವಂತಿಲ್ಲ. ತಪ್ಪಿಸಿಕೊಳ್ಳುವವರಿಗೆ ಈ ಕಟ್ಟು ಇಲ್ಲ. ಇನ್ನೇನು ಕೈಗೆ ಸಿಕ್ಕಳು ಅನ್ನುವಷ್ಟರಲ್ಲಿ ಸಾಲಿನ ಆಚೆಗೆ ಜಾರಿರುತ್ತಾರೆ. ಆಗ ಉಳಿಯುವುದು ಒಂದೇ ದಾರಿ. ಆಚೆ ಮುಖ ಮಾಡಿ ಕುಳಿತವಳ ಬೆನ್ನು ಮುಟ್ಟಿ ‘ಖೋ’ ಎಂದು ಕೂಗಿ, ಓಟವನ್ನು ಅವಳಿಗೆ ಬಿಟ್ಟುಕೊಟ್ಟು, ಅವಳೆದ್ದ ಚೌಕದಲ್ಲಿ ತಾನು ಕೂರಬೇಕು.

ಓಟ ಕಲಿಸಬಹುದು. ಕೂರುವುದನ್ನು ಕಲಿಸುವುದೇ ಕಷ್ಟ. ಜೋರು ಓಡುವ ಹುಡುಗಿಗೆ ಖೋ ಕೊಡಲು ಮನಸ್ಸೇ ಬಾರದು. ಎದುರಾಳಿ ಕೈಯಳತೆಯಲ್ಲಿ ಇರುವಂತೆ ಕಾಣುತ್ತಾಳೆ, ಇನ್ನೊಂದು ಹೆಜ್ಜೆ, ಇನ್ನೊಂದೇ ಹೆಜ್ಜೆ ಎಂದು ಕಂಬದವರೆಗೂ ಓಡಿಬಿಡುತ್ತಾಳೆ. ಅಷ್ಟರಲ್ಲಿ ಗಡಿಯಾರ ನಕ್ಕಿರುತ್ತದೆ. ಕುಳಿತವರದು ಬೇರೆಯೇ ಸಂಕಟ. ಬೆನ್ನ ಹಿಂದೆ ಏನಾಗುತ್ತಿದೆ ಕಾಣದು, ಆದರೂ ಬೆರಳು ತಾಗಿದ ಕ್ಷಣ ಚಿಮ್ಮಬೇಕು. ಮೊದಲೇ ಎದ್ದರೆ ಫೌಲ್.

ಭಗವದ್ಗೀತೆಯ ಕೊನೆಯ ಅಧ್ಯಾಯ ಯಾವುದೇ ಕರ್ಮಕ್ಕೆ ಐದು ಕಾರಣಗಳನ್ನು ಹೇಳುತ್ತದೆ: ಅಧಿಷ್ಠಾನ, ಕರ್ತೃ, ಕರಣ, ಚೇಷ್ಟೆ, ಕಡೆಗೆ ದೈವ. ಇಷ್ಟೆಲ್ಲ ಇರುವಾಗ ತಾನೊಬ್ಬನೇ ಮಾಡಿದೆ ಎನ್ನುವವನಿಗೆ ಸರಿಯಾಗಿ ಕಾಣುತ್ತಿಲ್ಲ ಎಂದೂ ಅಲ್ಲೇ ಬರುತ್ತದೆ. ಶಂಕರರ ಭಾಷ್ಯದಲ್ಲಿ ಅಧಿಷ್ಠಾನವೆಂದರೆ ಶರೀರ. ನನ್ನ ಮಟ್ಟಿಗೆ ಅದು ಮೈದಾನ. ನಮ್ಮ ಕಡೆಯ ಎರೆ ಮಣ್ಣು ಮಳೆ ಬಿದ್ದರೆ ಪಾದ ಬಿಡುವುದಿಲ್ಲ, ಒಣಗಿದರೆ ಬಿರುಕಿನಲ್ಲಿ ಹಿಮ್ಮಡಿ ಸಿಕ್ಕಿಸಿಕೊಳ್ಳುತ್ತದೆ. ಯಾವ ಔಟ್‌ನಲ್ಲೂ ಅದಕ್ಕೊಂದು ಪಾಲು ಇದ್ದೇ ಇದೆ. ಕರಣವೆಂದರೆ ಹುಡುಗಿಯರ ಬರಿಗಾಲು. ದೈವವನ್ನು ನಾನು ಬಿಡಿಸಿ ಹೇಳಬೇಕಾಗಿಲ್ಲ. ಹತ್ತಿ ಬಿಡಿಸುವ ಕಾಲಕ್ಕೆ ಪಂದ್ಯ ಬಿದ್ದರೆ ಅರ್ಧ ತಂಡ ಹೊಲದಲ್ಲಿರುತ್ತದೆ. ಸುಗ್ಗಿ ಮುಗಿದ ಮೇಲೆ ಅಪ್ಪ-ಅವ್ವ ಬೆಂಗಳೂರಿಗೆ ದುಡಿಯಲು ಹೊರಟರೆ, ತಮ್ಮನನ್ನು ನೋಡಿಕೊಳ್ಳಲು ನಮ್ಮ ಒಳ್ಳೆಯ ಆಟಗಾರ್ತಿಯೂ ಗಂಟು ಕಟ್ಟುತ್ತಾಳೆ.

ಗೀತೆ ಬೇಡ ಎನ್ನುವವರಿಗೆ ನಮ್ಮ ಜಿಲ್ಲೆಯಲ್ಲೇ ಇನ್ನೊಂದು ದಾರಿ ಇದೆ. ಸುರಪುರ ಸೀಮೆಯ ಮುದನೂರು ದೇವರ ದಾಸಿಮಯ್ಯನ ಊರು. ಬಟ್ಟೆ ನೇಯ್ದು ಬದುಕಿದ ಮನುಷ್ಯ. ಅವನ ವಚನಗಳ ಕೊನೆಗೆ ಅವನ ಹೆಸರಿಲ್ಲ, ರಾಮನಾಥನ ಹೆಸರಿದೆ. ಮಾತು ತನ್ನದು, ಅಂಕಿತ ಮಾತ್ರ ದೇವರದು. ತಮಾಷೆ ಏನೆಂದರೆ, ಇವತ್ತು ನಾವು ಆ ವಚನ ದಾಸಿಮಯ್ಯನದೆಂದು ಗುರುತಿಸುವುದೇ ಆ ಅಂಕಿತದಿಂದ. ಖೋ-ಖೋ ಕಣದಲ್ಲೂ ಇಂಥದ್ದನ್ನು ಕಂಡಿದ್ದೇನೆ. ಒಬ್ಬಳು ಹುಡುಗಿಯಿದ್ದಳು, ಔಟ್ ಮಾಡಿದ್ದು ತೀರಾ ಕಡಿಮೆ. ಆದರೆ ಅವಳ ಕೈಯಿಂದ ಬಂದ ಖೋ ಎಂದೂ ತಡವಾಗುತ್ತಿರಲಿಲ್ಲ. ಎದುರಾಳಿ ಶಾಲೆಯ ಮಾಸ್ತರರು ಆಟಕ್ಕೆ ಮುಂಚೆ ವಿಚಾರಿಸುತ್ತಿದ್ದದ್ದು ಅವಳನ್ನೇ: ‘ಆ ಹುಡುಗಿ ಬಂದಾಳೇನ್ರಿ?’

ಮುಟ್ಟುವುದರ ಬಗ್ಗೆಯೂ ಹೇಳಬೇಕು. ನಿಯಮದ ಪ್ರಕಾರ ಕೂಗೊಂದೇ ಸಾಲದು. ಕೈ ತಾಗಬೇಕು, ದನಿಯೂ ಜೊತೆಗೇ ಹೊರಡಬೇಕು. ಯಾರು ಯಾರ ಮನೆಯ ನೀರು ಕುಡಿಯುತ್ತಾರೆ ಎಂಬುದು ಇನ್ನೂ ಲೆಕ್ಕಕ್ಕಿರುವ ಹಳ್ಳಿಗಳಿಂದ ನಮ್ಮ ಮಕ್ಕಳು ಬರುತ್ತಾರೆ. ಯಾವ ಓಣಿಯವಳ ಬೆನ್ನು ಎಂದು ನೋಡುತ್ತ ನಿಂತರೆ ಎದುರಾಳಿ ಕಂಬ ಸುತ್ತಿ ಬಂದಿರುತ್ತಾಳೆ. ತಂಡದಲ್ಲಿ ಒಗ್ಗಟ್ಟು ಇರಲಿ ಎಂದು ನಾನು ಮಾಡಿದ ಭಾಷಣಗಳಿಗಿಂತ ಈ ಒಂದು ನಿಯಮ ಹೆಚ್ಚು ಕೆಲಸ ಮಾಡಿದೆ. ಇದರಿಂದ ಓಣಿಯ ಬಾಗಿಲುಗಳು ತೆರೆದುಕೊಂಡವು ಎಂದು ಮಾತ್ರ ಬರೆಯಲಾರೆ. ಸಂಜೆ ಸೀಟಿ ಊದಿದ ಮೇಲೆ ಅವರು ಅವರವರ ಓಣಿಗೇ ಹೋಗುತ್ತಾರೆ. ಒಬ್ಬರ ಬಾಟಲಿಯಲ್ಲಿ ಒಬ್ಬರು ನೀರು ಕುಡಿಯುತ್ತಾರೆ, ಅಷ್ಟು ನಿಜ. ಮನೆಯಲ್ಲಿ ಹೇಳುವುದಿಲ್ಲ, ಅದೂ ನಿಜ.

ಇಷ್ಟು ಬರೆದ ಮೇಲೂ ನನಗೊಂದು ಅಳುಕಿದೆ. ಹೊಟ್ಟೆ ತುಂಬಿದವನು ಹಸಿದವರಿಗೆ ನಿಷ್ಕಾಮ ಬೋಧಿಸುವುದು ಸುಲಭ. ತ್ಯಾಗ ಎಂಬ ಮಾತು ನಮ್ಮ ಭಾಗದಲ್ಲಿ ಹಗುರವಾದದ್ದಲ್ಲ. ಕಡೇಚೂರು–ಬಾಡಿಯಾಳ ಕೈಗಾರಿಕಾ ಪ್ರದೇಶಕ್ಕೆ ಮೂರು ಸಾವಿರ ಎಕರೆಗೂ ಮೀರಿ ಭೂಮಿ ಹೋಗಿದೆ. ರೈಲ್ವೆ ಬೋಗಿ ಕಾರ್ಖಾನೆ ಬಂದಿದೆ, ಬೇರೆ ಕಾರ್ಖಾನೆಗಳೂ ಬಂದಿವೆ. ಭೂಮಿ ಬಿಟ್ಟುಕೊಟ್ಟ ಮನೆಯ ಮಗಳಿಗೆ ‘ಬಿಟ್ಟುಕೊಡುವುದರಲ್ಲಿ ಸುಖವಿದೆ’ ಎಂದು ಹೇಳುವ ಮುಂಚೆ ನಾನು ಎರಡು ಸಲ ಯೋಚಿಸುತ್ತೇನೆ. 2024ರ ಎಸ್‌ಎಸ್‌ಎಲ್‌ಸಿ ಫಲಿತಾಂಶದಲ್ಲಿ ರಾಜ್ಯಕ್ಕೇ ಕೊನೆಯ ಜಿಲ್ಲೆ ನಮ್ಮದು. ಅಂಕದಲ್ಲಿ ದಾರಿ ಕಾಣದ ಮಕ್ಕಳಿಗೆ ಆಟದ ಪ್ರಮಾಣಪತ್ರ ಒಂದು ಕಿಟಕಿ. 2025ರ ಜನವರಿಯಲ್ಲಿ ದೆಹಲಿಯಲ್ಲಿ ನಡೆದ ಮೊದಲ ಖೋ-ಖೋ ವಿಶ್ವಕಪ್‌ನಲ್ಲಿ ಭಾರತದ ಮಹಿಳೆಯರು ನೇಪಾಳವನ್ನು 78–40ರಿಂದ ಸೋಲಿಸಿದಾಗ, ಆ ತಂಡದಲ್ಲಿ ತಿ. ನರಸೀಪುರ ತಾಲ್ಲೂಕು ಕುರುಬೂರಿನ ಚೈತ್ರಾ ಇದ್ದರು. ನಮ್ಮ ಹುಡುಗಿಯರು ಆ ಹೆಸರನ್ನು ಗೋಡೆಯ ಮೇಲೆ ಬರೆದರು. ಹೆಸರು ಬೇಕು. ಹೆಸರೇ ಬೇಡ ಎಂದು ಅವರಿಗೆ ಹೇಳುವವನು ನಾನಲ್ಲ.

(ಆ ವಿಶ್ವಕಪ್ ಆಡಿದ ಮಾದರಿಯಲ್ಲಿ ‘ವಜೀರ’ ಎಂಬ ಆಟಗಾರನಿಗೆ ಯಾವ ದಿಕ್ಕಿಗೆ ಬೇಕಾದರೂ ತಿರುಗಿ ಓಡುವ ಹಕ್ಕಿದೆ. ಟಿ.ವಿ.ಯಲ್ಲಿ ನೋಡಲು ಭಲೇ ಚೆಂದ. ಒಬ್ಬನಿಗೆ ಕಟ್ಟು ಸಡಿಲಿಸಿದ ಕೂಡಲೇ ಎಲ್ಲರ ಕಣ್ಣೂ ಅವನೊಬ್ಬನ ಮೇಲೆ ಹೋಗುತ್ತದೆ. ಶಾಲೆಯ ಕಣಕ್ಕೆ ವಜೀರ ಬಾರದಿರಲಿ ಎಂಬುದು ನನ್ನ ಹಳೇ ತಲೆಯ ಹಟ.)

ನಮ್ಮ ಗಣಿತದ ಮೇಡಂ ಬೇರೆ ಪರಿಹಾರ ಹೇಳುತ್ತಾರೆ. ‘ಖೋ ಕೊಟ್ಟವರಿಗೂ ಅಂಕ ಬರೀರಿ ಸರ, ಮುಗೀತು.’ ಅವರ ಅಣ್ಣನ ಮಕ್ಕಳು ಅಮೆರಿಕದಲ್ಲಿ ಓದುತ್ತಾರೆ, ಅಲ್ಲಿನ ಹೈಸ್ಕೂಲಿನಲ್ಲಿ ಬೇಸ್‌ಬಾಲ್ ಆಡುತ್ತಾರೆ. ಆ ಆಟದಲ್ಲಿ ಬ್ಯಾಟ್ ಹಿಡಿದವನು ಚೆಂಡನ್ನು ಮೆಲ್ಲಗೆ ತಟ್ಟಿ ತಾನು ಔಟಾಗುತ್ತಾನೆ, ಆ ಗಳಿಗೆಯಲ್ಲಿ ಜೊತೆಗಾರ ಒಂದು ಬೇಸ್ ಮುಂದೆ ಹೋಗುತ್ತಾನೆ. ಅದಕ್ಕೆ ಅವರ ಅಂಕಪುಸ್ತಕದಲ್ಲಿ ‘ಸ್ಯಾಕ್ರಿಫೈಸ್’ ಎಂದೇ ಗುರುತು ಹಾಕುತ್ತಾರೆ. ಆ ಔಟ್ ಅವನ ಬ್ಯಾಟಿಂಗ್ ಸರಾಸರಿಯನ್ನು ಇಳಿಸುವುದಿಲ್ಲ. ನ್ಯಾಯವಾದ ಪುಸ್ತಕ, ಒಪ್ಪುತ್ತೇನೆ. ಆದರೆ ಖೋಗೆ ಅಂಕ ಇಟ್ಟರೆ ನಮ್ಮ ಮಕ್ಕಳು ಎದುರಾಳಿಯನ್ನು ನೋಡುವುದು ಬಿಟ್ಟು, ಸಿಕ್ಕ ಸಿಕ್ಕ ಬೆನ್ನು ತಟ್ಟುತ್ತ ಖೋ ಎಣಿಸತೊಡಗುತ್ತಾರೆ. ಮೇಡಂ ಇದಕ್ಕೂ ಸೋಲುವುದಿಲ್ಲ. ‘ಔಟಿಗೆ ಮುಗಿದ ಖೋಗಳಿಗಷ್ಟೇ ಅಂಕ ಇಡ್ರಿ’ ಎನ್ನುತ್ತಾರೆ. ಹಾಗಿಟ್ಟರೆ ಮೈದಾನಕ್ಕೆ ಎಷ್ಟು ಅಂಕ, ಆಡಲು ಬಂದ ಹುಡುಗಿಯ ಬದಲು ಹತ್ತಿ ಬಿಡಿಸಲು ಹೋದ ಅವ್ವನಿಗೆ ಎಷ್ಟು? ಲೆಕ್ಕ ಅಲ್ಲಿಗೂ ನಿಲ್ಲದು ಎಂಬುದೇ ನನ್ನ ತಕರಾರು.

ಒಮ್ಮೆ ನಮ್ಮ ತಂಡದಲ್ಲಿ ಹೆಚ್ಚು ಔಟ್ ಮಾಡುವ ಹುಡುಗಿ ನೇರವಾಗಿ ಕೇಳಿದಳು. ಗೆದ್ದ ತಂಡದ ಹನ್ನೆರಡೂ ಮಂದಿಗೆ ಒಂದೇ ಬಗೆಯ ಪ್ರಮಾಣಪತ್ರ, ಬದಲಿಯಾಗಿ ಹೊರಗೆ ಕುಳಿತವರಿಗೂ ಅದೇ. ‘ಅಕಿಗೂ ಅದ, ನನಗೂ ಅದ ಏನ್ರಿ ಸರ?’ ನಾನು ಐದು ಕಾರಣಗಳ ಕತೆ ಹೇಳಿದೆ. ಮೈದಾನ, ಕಾಲು, ಓಟ, ಬೆನ್ನು, ಅದೃಷ್ಟ ಎಂದು ಬೆರಳು ಮಡಿಚಿ ಎಣಿಸಿ ತೋರಿಸಿದೆ. ಅವಳು ಎಲ್ಲ ಕೇಳಿಸಿಕೊಂಡು, ‘ಹಂಗಾದ್ರ ಸೋತಾಗ ನನಗೊಬ್ಬಾಕಿಗೇ ಯಾಕ ಬೈತೀರಿ? ಐದಕ್ಕೂ ಬೈರಿ’ ಎಂದಳು. ಉಳಿದವರು ಹೋ ಎಂದು ನಕ್ಕರು. ಗೆಲುವನ್ನು ಹಂಚುವ ಶಾಸ್ತ್ರ ನನಗೆ ಬಾಯಿಪಾಠ ಇತ್ತು, ಸೋಲನ್ನೂ ಅದೇ ಶಾಸ್ತ್ರ ಹಂಚುತ್ತದೆ ಎಂಬುದನ್ನು ಹತ್ತನೇ ಇಯತ್ತೆಯ ಹುಡುಗಿ ಎತ್ತಿ ತೋರಿಸಿದಳು. ಈಗ ಸೋತ ಪಂದ್ಯದ ಮರುದಿನ ನಾವು ವೃತ್ತವಾಗಿ ಕುಳಿತು ಕೊನೆಯ ಕೆಲವು ಖೋಗಳನ್ನು ಒಂದೊಂದಾಗಿ ಹಿಂದಕ್ಕೆ ಎಣಿಸುತ್ತೇವೆ: ಯಾರು ತಡ ಮಾಡಿದರು, ಯಾರು ಬೇಗ ಎದ್ದರು, ನೆಲ ಎಲ್ಲಿ ಜಾರಿತು. ಮೊದಲ ಸರದಿ ಪಿ.ಟಿ. ಸರನದು ಎಂದು ಹುಡುಗಿಯರೇ ಗೊತ್ತು ಮಾಡಿದ್ದಾರೆ.