ಗುಣವಾದದ್ದು ಯಾರಿಂದ?

ವಿಶಾಖಪಟ್ಟಣದ ದ್ವಾರಕಾ ನಗರ ಕೋಚಿಂಗ್ ಸೆಂಟರುಗಳ, ಬಟ್ಟೆ ಅಂಗಡಿಗಳ, ಬಸ್ ಕಾಂಪ್ಲೆಕ್ಸಿನ ಗದ್ದಲದ ಬಡಾವಣೆ. ಅಲ್ಲಾಗಲಿ, ನಮ್ಮ ಬಳ್ಳಾರಿ, ರಾಯಚೂರುಗಳಲ್ಲಾಗಲಿ, ಶ್ರದ್ಧಾಂಜಲಿಯ ಒಕ್ಕಣೆ ಮಾತ್ರ ಹೆಚ್ಚುಕಡಿಮೆ ಒಂದೇ. ಪ್ರೀತಿಯ ಪತಿ, ಅಕ್ಕರೆಯ ತಾತ, ಆಸ್ಪತ್ರೆಯಲ್ಲಿ ಸುದೀರ್ಘ ಸೇವೆ, ಕೊನೆಗೆ ದೈವಾಧೀನ. ಸತ್ತವರು ಡಾಕ್ಟರಾಗಿದ್ದರೆ ಹೆಸರಿನ ಹಿಂದೆ ಡಿಗ್ರಿಗಳ ಸಾಲು ಇರುತ್ತದೆ. ವಾರ್ಡ್ ಬಾಯ್, ಡ್ರೆಸ್ಸರ್, ಅಟೆಂಡರ್ ಆಗಿದ್ದವರಿಗೆ 'ಸೇವೆ' ಎಂದಷ್ಟೇ ಬರೆದು ಮುಗಿಸುತ್ತಾರೆ. ಆ ಮನುಷ್ಯ ಅಷ್ಟು ವರ್ಷ ದಿನಾ ಮಾಡಿದ್ದೇನು ಎಂದು ಕೇಳಿದರೆ ಮನೆಯವರಿಗೂ ಸರಿಯಾಗಿ ಗೊತ್ತಿರುವುದಿಲ್ಲ.

ದ್ವಾರಕಾ ನಗರದಿಂದ ಕಡಲಿನ ಕಡೆಗೆ ಹೋದರೆ ಗುಡ್ಡದ ಇಳಿಜಾರಿನಲ್ಲಿ ಕಿಂಗ್ ಜಾರ್ಜ್ ಆಸ್ಪತ್ರೆ ಇದೆ. ಊರಿನವರ ಬಾಯಲ್ಲಿ ಅದು ಕೆಜಿಎಚ್. 1923ರಲ್ಲಿ ಶುರುವಾದ ಈ ಆಸ್ಪತ್ರೆಗೆ ಶ್ರೀಕಾಕುಳಂ, ವಿಜಯನಗರಂಗಳಿಂದ ಹಿಡಿದು ಪಾಡೇರಿನ ಕಾಡುಹಾಡಿಗಳವರೆಗೆ, ಗಡಿಯಾಚೆಯ ಒಡಿಶಾದಿಂದಲೂ ಬಡವರು ಬರುತ್ತಾರೆ. 2020ರ ಮೇ 7ರ ನಸುಕಿನಲ್ಲಿ ನಗರದಂಚಿನ ಆರ್.ಆರ್. ವೆಂಕಟಾಪುರದ ಎಲ್‌ಜಿ ಪಾಲಿಮರ್ಸ್ ಕಾರ್ಖಾನೆಯಿಂದ ಸ್ಟೈರೀನ್ ಅನಿಲ ಸೋರಿದಾಗ ನೂರಾರು ಜನರನ್ನು ಹೊತ್ತು ತಂದದ್ದು ಮುಖ್ಯವಾಗಿ ಇಲ್ಲಿಗೇ. ಹತ್ತಕ್ಕೂ ಹೆಚ್ಚು ಮಂದಿ ಸತ್ತರು, ಉಳಿದವರು ಬದುಕಿ ಮನೆಗೆ ಹೋದರು. ಬದುಕಿದವರನ್ನು ಯಾರು ಉಳಿಸಿದರು ಎಂದರೆ ಎರಡು ಉತ್ತರಗಳು ಸಿದ್ಧವಾಗಿರುತ್ತವೆ. ಭಕ್ತರು ದೇವರು ಎನ್ನುತ್ತಾರೆ, ವಿಚಾರವಾದಿಗಳು ಡಾಕ್ಟರು ಎನ್ನುತ್ತಾರೆ.

ಎರಡನೆಯ ಉತ್ತರವೂ ಅರ್ಧವೇ. ದೇವರನ್ನು ಪೀಠದಿಂದ ಇಳಿಸಿ ಅಲ್ಲಿ ಬಿಳಿ ಕೋಟಿನವರನ್ನು ಕೂರಿಸಿದರೆ ಪೀಠ ಹಾಗೆಯೇ ಉಳಿಯಿತು. ವೈಚಾರಿಕತೆಯ ಕೆಲಸ ಕಾರಣಗಳನ್ನು ಕೊನೆಯವರೆಗೂ ಹುಡುಕುವುದು. ಆ ನಸುಕಿನಲ್ಲಿ ಸ್ಟ್ರೆಚರ್ ತಳ್ಳಿದವರು, ಆಕ್ಸಿಜನ್ ಸಿಲಿಂಡರನ್ನು ಓರೆ ಮಾಡಿ ಅಂಚಿನ ಮೇಲೆ ಉರುಳಿಸಿಕೊಂಡು ಬಂದವರು, ವಾಂತಿ ಬಳಿದವರು, ಮಂಚ ಖಾಲಿಯಾಗುತ್ತಿದ್ದಂತೆ ಹಾಸಿಗೆ ಬದಲಿಸಿದವರು ಇಲ್ಲದೆ ಯಾವ ಡಾಕ್ಟರೂ ಯಾರನ್ನೂ ಉಳಿಸಲಾರರು.

ಒಂದೇ ಕೆಲಸವನ್ನು ಹತ್ತಿರದಿಂದ ನೋಡಿ. ಲಕ್ವ ಹೊಡೆದು ಮಲಗಿದ ಪೇಷಂಟನ್ನು ಸುಮಾರು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು. ಒಬ್ಬರು ಭುಜದ ಕೆಳಗೆ, ಇನ್ನೊಬ್ಬರು ಸೊಂಟದ ಕೆಳಗೆ ಕೈ ಕೊಟ್ಟು ಎಳೆಯದೆ ಎತ್ತಬೇಕು. ಎಳೆದರೆ ಚರ್ಮ ಸುಲಿಯುತ್ತದೆ. ಹಾಸಿಗೆಯಲ್ಲಿ ಒಂದು ಮಡಿಕೆ ಉಳಿದರೂ ಅದೇ ಒತ್ತುತ್ತದೆ. ಬದಲಿಸದಿದ್ದರೆ ಸೊಂಟದಲ್ಲಿ, ಹಿಮ್ಮಡಿಯಲ್ಲಿ ಹುಣ್ಣಾಗುತ್ತದೆ, ಹುಣ್ಣು ನಂಜಾಗುತ್ತದೆ, ನಂಜು ಕೊಲ್ಲುತ್ತದೆ. ರಾತ್ರಿ ಎರಡಕ್ಕೆ, ನಾಲ್ಕಕ್ಕೆ ಎದ್ದು ಬಂದು ಮೈ ತಿರುಗಿಸಿದ ಕೈಗಳು ಯಾವ ಕೇಸ್ ಶೀಟಿನಲ್ಲೂ ಸಹಿ ಹಾಕಿರುವುದಿಲ್ಲ. ಹುಣ್ಣಾಗಲಿಲ್ಲ ಎಂಬುದೇ ಆ ಕೆಲಸದ ಫಲ. ಆಗದೇ ಹೋದದ್ದಕ್ಕೆ ಥ್ಯಾಂಕ್ಸ್ ಹೇಳುವ ರೂಢಿ ನಮ್ಮಲ್ಲಿಲ್ಲ.

ವೈದ್ಯಚರಿತ್ರೆಯೂ ಇದನ್ನೇ ಹೇಳುತ್ತದೆ. 1840ರ ದಶಕದಲ್ಲಿ ವಿಯೆನ್ನಾದ ದೊಡ್ಡಾಸ್ಪತ್ರೆಯಲ್ಲಿ ಎರಡು ಹೆರಿಗೆ ವಾರ್ಡುಗಳಿದ್ದವು. ಡಾಕ್ಟರುಗಳಿದ್ದ ವಾರ್ಡಿಗಿಂತ ಸೂಲಗಿತ್ತಿಯರಿದ್ದ ವಾರ್ಡಿನಲ್ಲಿ ಬಾಣಂತಿಯರ ಸಾವು ಕಡಿಮೆಯಿತ್ತು. ಡಾಕ್ಟರುಗಳು ಹೆಣ ಕೊಯ್ದ ಕೈಯಲ್ಲೇ ಹೆರಿಗೆ ಮಾಡಿಸಲು ಬರುತ್ತಿದ್ದರು. 1847ರಲ್ಲಿ ಸೆಮ್ಮೆಲ್‌ವೈಸ್ ಎಂಬ ವೈದ್ಯ ಕ್ಲೋರಿನ್ ಬೆರೆತ ಸುಣ್ಣದ ನೀರಿನಲ್ಲಿ ಕೈ ತೊಳೆಯಲೇಬೇಕೆಂದು ಹಟ ಹಿಡಿದ. ಏಪ್ರಿಲಿನಲ್ಲಿ ಶೇ. 18ರಷ್ಟಿದ್ದ ಸಾವು ಜೂನಿನ ಹೊತ್ತಿಗೆ ಶೇ. 2ರ ಹತ್ತಿರಕ್ಕೆ ಇಳಿಯಿತು. ಜೀವ ಉಳಿಸಿದ್ದು ಯಾವುದೋ ದುಬಾರಿ ಔಷಧಿಯಲ್ಲ, ಶುಚಿ. ಆಸ್ಪತ್ರೆಯ ಶುಚಿ ಯಾರ ಕೈಯಲ್ಲಿದೆ ಎಂಬುದು ಎಲ್ಲರಿಗೂ ಗೊತ್ತು. ಅವರ ಜಾತಿ ಯಾವುದು, ಸಂಬಳ ಎಷ್ಟು ಎಂಬುದೂ ಗೊತ್ತು.

ಈ ಸರಪಣಿ ಆಸ್ಪತ್ರೆಯ ಗೇಟಿನಲ್ಲಿ ನಿಲ್ಲುವುದಿಲ್ಲ. ನೈಟ್ ಡ್ಯೂಟಿ ಮುಗಿಸಿ ಬಂದವರು ಹಗಲು ಮಲಗಲಿ ಎಂದು ಮಕ್ಕಳನ್ನು ಹೊರಗೆ ಕಳಿಸಿ ಕುಕ್ಕರಿನ ಸೀಟಿಗೂ ಹೆದರಿದ ಹೆಂಡತಿ, ಗಂಡ ಕ್ಷಯದ ವಾರ್ಡಿನಿಂದ ತೊಟ್ಟು ಬಂದ ಬಟ್ಟೆಯನ್ನು ಬೇರೆಯಾಗಿ ಒಗೆದವಳು, ಹಬ್ಬದ ದಿನವೂ ಡ್ಯೂಟಿ ಬಿದ್ದಾಗ ಎಲೆ ಹಾಕದೆ ಕಾದವಳು, ಅವಳೂ ಆ ವಾರ್ಡಿನ ನೌಕರಳೇ, ಸಂಬಳವಿಲ್ಲದ ನೌಕರಳು. ಗಂಡ ತೀರಿಕೊಂಡ ಮೇಲೆ ಅವಳಿಗೆ ಸಿಗುವುದು 'ಪ್ರೀತಿಯ ಪತಿ' ಎಂಬ ಎರಡು ಮಾತು. ಆ ಪ್ರೀತಿಯಲ್ಲಿ ಅವಳ ದುಡಿಮೆ ಎಷ್ಟಿತ್ತೆಂದು ಬರೆಯಲು ಫ್ಲೆಕ್ಸಿನಲ್ಲಿ ಜಾಗವಿಲ್ಲ.

ದೈವವನ್ನು ಬಿಟ್ಟರೆ ದುಃಖಕ್ಕೆ ಆಸರೆ ಏನು ಎಂದು ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆ. ತಿಥಿಯೆಂದರೆ ಬರೀ ಮೌಢ್ಯ ಎಂದು ಮೂಗು ಮುರಿಯುವುದು ಸುಲಭ, ಆದರೆ ಹತ್ತು ಜನ ಸೇರಿ ಅಳಲು ಅದು ಒಂದು ಹೊತ್ತು ಗೊತ್ತುಮಾಡಿಕೊಡುತ್ತದೆ. ಆ ಹೊತ್ತು ದೇವರಿಲ್ಲದವರಿಗೂ ಬೇಕು. ಇದೇ ಆಂಧ್ರದ ವಿಜಯವಾಡದಲ್ಲಿ ಗೋರಾ ಎಂದೇ ಹೆಸರಾದ ಗೋಪರಾಜು ರಾಮಚಂದ್ರ ರಾವ್ ಮತ್ತು ಸರಸ್ವತಿ ಗೋರಾ ದಂಪತಿ ನಾಸ್ತಿಕ ಕೇಂದ್ರ ಕಟ್ಟಿದರು. 1940ರಲ್ಲಿ ಮುದುನೂರು ಎಂಬ ಹಳ್ಳಿಯಲ್ಲಿ ಶುರುವಾದ ಕೇಂದ್ರ 1947ರಲ್ಲಿ ವಿಜಯವಾಡಕ್ಕೆ ಬಂತು. ಅಸ್ಪೃಶ್ಯತೆಯ ವಿರುದ್ಧ ಹೋರಾಟ, ಅಂತರ್ಜಾತಿ ಮದುವೆ, ವೈದ್ಯಕೀಯ ನೆರವು ಅವರ ನಿತ್ಯದ ಕೆಲಸಗಳಾದವು. ಮಗ ಸಮರಂ ವೈದ್ಯರಾದರು. ದೇವರಿಲ್ಲ ಎಂದು ವಾದಿಸಿ ಗೆಲ್ಲುವುದಕ್ಕಿಂತ ದೇವರಿಲ್ಲದ ಮನೆಯಲ್ಲಿ ಮನುಷ್ಯರಿಗೆ ಎಷ್ಟು ಜಾಗವಿದೆಯೆಂದು ಬಾಳಿ ತೋರಿಸಿದ್ದು ದೊಡ್ಡದು. ಸರಸ್ವತಿಯವರಿಗೆ ಕರ್ನಾಟಕ ಸರ್ಕಾರ ಬಸವ ಪುರಸ್ಕಾರ ಕೊಟ್ಟದ್ದು ಸರಿಯಾಗಿಯೇ ಇದೆ. ಮಡಿವಾಳ ಮಾಚಯ್ಯ, ಅಂಬಿಗರ ಚೌಡಯ್ಯ ಎಂದು ದುಡಿಮೆಯನ್ನೇ ಹೆಸರಿನ ಮುಂದೆ ಇಟ್ಟುಕೊಂಡ ಶರಣರ ನಾಡು ಇದು.

ಆ ನಾಡಿನಲ್ಲೇ, ಬೈಲಹೊಂಗಲದಲ್ಲಿ, ಡಾ. ಬಸವಣ್ಣೆಪ್ಪ ರಾಮಣ್ಣವರ ಎಂಬ ವೈದ್ಯರು ತಾವು ಸತ್ತ ಮೇಲೆ ದೇಹವನ್ನು ವಿದ್ಯಾರ್ಥಿಗಳ ಕಲಿಕೆಗೆ ಕೊಡಬೇಕೆಂದು, ಅದನ್ನು ತಮ್ಮ ಮಗನೇ ಕೊಯ್ಯಬೇಕೆಂದು ಬರೆದಿಟ್ಟರು. ಮಗ ಡಾ. ಮಹಾಂತೇಶ ರಾಮಣ್ಣವರ ಬೆಳಗಾವಿಯ ಕೆಎಲ್‌ಇ ಆಯುರ್ವೇದ ಕಾಲೇಜಿನಲ್ಲಿ ಶರೀರ ರಚನೆ ಕಲಿಸುವವರು. ತಂದೆ 2008ರಲ್ಲಿ ತೀರಿಕೊಂಡರು. ಎರಡು ವರ್ಷದ ನಂತರ, 2010ರ ನವೆಂಬರಿನಲ್ಲಿ, ಮಗ ವಿದ್ಯಾರ್ಥಿಗಳ ಮುಂದೆ ತಂದೆಯ ದೇಹವನ್ನು ಛೇದಿಸಿ ಪಾಠ ಮಾಡಿದರು. ಕಲ್ಲೆದೆ ಎಂದು ಕೆಲವರಿಗೆ ಅನ್ನಿಸಬಹುದು. ಚಿತೆಗೆ ಬೆಂಕಿ ಇಡುವ ಮಗನ ಎದೆಯನ್ನು ಮಾತ್ರ ನಾವು ಯಾರೂ ಕಲ್ಲು ಎನ್ನುವುದಿಲ್ಲ.

ಈ ಘಟನೆಯ ನೀತಿ ತ್ಯಾಗದಲ್ಲಿ ಮುಗಿಯುವುದಿಲ್ಲ. ಕರ್ನಾಟಕದ 1957ರ ಅಂಗರಚನಾ ಶಾಸ್ತ್ರ ಕಾಯ್ದೆ ವಾರಸುದಾರರಿಲ್ಲದ ಹೆಣಗಳನ್ನು ವೈದ್ಯಕೀಯ ಕಾಲೇಜುಗಳಿಗೆ ಕೊಡಲು ದಾರಿ ಮಾಡಿತು. ಇಂಗ್ಲೆಂಡು 1832ರಲ್ಲೇ ಇಂಥದೇ ಕಾಯ್ದೆ ತಂದಿತ್ತು. ಎಲ್ಲ ಕಡೆಯೂ ಆದದ್ದು ಒಂದೇ: ಫುಟ್‌ಪಾತಿನಲ್ಲಿ ಸತ್ತವರ, ಅನಾಥಾಲಯಗಳಲ್ಲಿ ಸತ್ತವರ ಮೈ ನೋಡಿ ಡಾಕ್ಟರುಗಳು ಕಲಿತರು, ಕಲಿತ ವಿದ್ಯೆಯ ಹೆಚ್ಚಿನ ಲಾಭ ಕಾಸಿದ್ದವರಿಗೆ ಸಿಕ್ಕಿತು. ಬಡವನ ಒಪ್ಪಿಗೆಯನ್ನು ಯಾರೂ ಕೇಳಲಿಲ್ಲ. ಬೈಲಹೊಂಗಲದ ವೈದ್ಯರು ಈ ಹಳೆಯ ಸಾಲವನ್ನು ತೀರಿಸಲು ತಮ್ಮ ಪಾಲು ಕೊಟ್ಟರು, ಯಾರೂ ಒಪ್ಪಿಗೆ ಕೇಳದ ಆ ಬಡವರ ಸಾಲಿನಲ್ಲಿ ಒಪ್ಪಿಗೆ ಕೊಟ್ಟು ಮಲಗಿದರು.

ಎಲ್ಲರ ಮನೆಯಲ್ಲೂ ಅಷ್ಟು ದೂರ ಹೋಗಲಾಗುವುದಿಲ್ಲ. ಹೆಂಡತಿಗೆ, ಮಕ್ಕಳಿಗೆ ಒಗ್ಗದ ದಾನವನ್ನು ವಿಚಾರದ ಹೆಸರಿನಲ್ಲಿ ಹೇರುವುದೂ ಒಂದು ಬಗೆಯ ಪುರೋಹಿತಶಾಹಿಯೇ. ಆದರೆ ಕಣ್ಣು ಕೊಡುವುದು ಯಾವ ಅಂತ್ಯಸಂಸ್ಕಾರಕ್ಕೂ ಅಡ್ಡಿಯಲ್ಲ. ವಯಸ್ಸಿನ ಮಿತಿಯಿಲ್ಲ, ಪೊರೆ ತೆಗೆಸಿಕೊಂಡಿದ್ದರೂ, ಸಕ್ಕರೆ ಕಾಯಿಲೆ ಇದ್ದರೂ ಕೊಡಬಹುದು. ಸಾವಿನ ಆರು ಗಂಟೆಯೊಳಗೆ ಕಣ್ಣು ತೆಗೆಯಬೇಕು, ಅದಕ್ಕೆ ನೇತ್ರ ಬ್ಯಾಂಕಿಗೆ ಆದಷ್ಟು ಬೇಗ ಫೋನ್ ಹೋಗಬೇಕು. ಅವರು ಬರುವವರೆಗೆ ಫ್ಯಾನ್ ಆರಿಸಿ, ರೆಪ್ಪೆ ಮುಚ್ಚಿ, ಮೇಲೆ ಒದ್ದೆ ಹತ್ತಿ ಇಟ್ಟು, ತಲೆಯ ಕೆಳಗೆ ದಿಂಬು ಕೊಡಬೇಕು. ಮೊಮ್ಮಗಳೂ ಮಾಡಬಹುದಾದ ಕೆಲಸ ಇದು. ಅಳುತ್ತಲೇ ಮಾಡಬಹುದು. ಡಾ. ರಾಜ್‌ಕುಮಾರ್ 2006ರಲ್ಲಿ ಕಣ್ಣು ಕೊಟ್ಟ ಮೇಲೆ, 2021ರಲ್ಲಿ ಪುನೀತ್ ಕೊಟ್ಟ ಮೇಲೆ ಕನ್ನಡಿಗರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇನ್ನೊಂದು ಕೆಲಸಕ್ಕೆ ಸಾಯುವವರೆಗೂ ಕಾಯಬೇಕಿಲ್ಲ. ಶ್ರದ್ಧಾಂಜಲಿಯಲ್ಲಿ 'ಅಕ್ಕರೆಯ ತಾತ' ಎನಿಸಿಕೊಂಡವರ ತಲೆಮಾರಿನ ಡಿ ಗ್ರೂಪ್ ನೌಕರನಿಗೆ ಕಾಯಂ ಕೆಲಸ, ನಿವೃತ್ತಿಯ ನಂತರ ಪಿಂಚಣಿ ಇತ್ತು. ಈಗ ಅದೇ ಸ್ಟ್ರೆಚರ್ ತಳ್ಳುವ ಹುಡುಗ ಹೊರಗುತ್ತಿಗೆಯವನು. ಅವನ ಪಗಾರ ಏಜೆನ್ಸಿಯ ಕೈ ದಾಟಿ ಬರಬೇಕು, ರಜೆ ಹಾಕಿದರೆ ದಿನಗೂಲಿ ಕಟ್ಟು. ಕೊರೊನಾ ಬಂದಾಗ ಇಂಥವರಿಗೆ ದೇಶವೇ ತಟ್ಟೆ ಬಡಿದು ಚಪ್ಪಾಳೆ ತಟ್ಟಿತು. ಚಪ್ಪಾಳೆಯಿಂದ ಮನೆ ಬಾಡಿಗೆ ಕಟ್ಟಲಾಗುವುದಿಲ್ಲ.

ಅಂಥ ನೌಕರ ತೀರಿಕೊಂಡಾಗ ಮನೆಯವರು ಆ ತಾತನ ಹೆಸರಿನಲ್ಲಿ ವಾರ್ಡಿಗೆ ಫ್ಯಾನ್ ಕೊಟ್ಟು ಅದರ ಮೇಲೆ ಹೆಸರು ಬರೆಸಬಹುದು, ಬೇಡವೆನ್ನುವುದಿಲ್ಲ. ಅದರ ಜೊತೆಗೆ ಆ ವಾರ್ಡಿನಲ್ಲಿ ಈಗ ದುಡಿಯುತ್ತಿರುವವರ ಹೆಸರು ಕೇಳಿ ತಿಳಿಯಬಹುದು. ಅವರಿಗೆ ಗ್ಲೌಸು, ಮಾಸ್ಕು ಸಿಗುತ್ತಿದೆಯೇ, ತಿಂಗಳಿಗೆ ಸರಿಯಾಗಿ ಪಗಾರ ಬರುತ್ತಿದೆಯೇ ಎಂದು ವಿಚಾರಿಸಬಹುದು. ಬರದಿದ್ದರೆ ಮೇಲಿನವರಿಗೆ ಅರ್ಜಿ ಬರೆಯಬಹುದು, ಅವರು ಮುಷ್ಕರ ಕೂತ ದಿನ 'ರೋಗಿಗಳಿಗೆ ತೊಂದರೆ' ಎಂದು ಬೈಯುವ ಮುಂಚೆ ಅವರ ಬೇಡಿಕೆ ಏನೆಂದು ಓದಬಹುದು. ಆ ತಾತನ ವಾರ್ಡಿನಲ್ಲಿ ರೋಗಿಗಳು ಗುಣವಾದದ್ದು ಒಬ್ಬರ ದಯೆಯಿಂದಲ್ಲ, ಹಲವರು ಒಟ್ಟಿಗೆ ದುಡಿದದ್ದರಿಂದ. ಆ ಹಲವರಲ್ಲಿ ಇವತ್ತಿಗೂ ಡ್ಯೂಟಿಯಲ್ಲಿರುವವರಿಗೆ ನ್ಯಾಯ ಸಿಗದ ಮೇಲೆ, ಹೋದವರಿಗೆ ಸಲ್ಲಿಸಿದ ಶ್ರದ್ಧಾಂಜಲಿ ಪೂರ್ತಿ ಸಂದಾಯವಾಗುವುದಿಲ್ಲ.