ತರಗತಿಯಲ್ಲಿ ನಿದ್ದೆ ಹೋಗುವ ಮಗು



ಇಂದಿನ ಚಿಂತನೆ ಎಂದಿಗಿಂತ ಉದ್ದವಾಗಿದೆ. ಬೆಳಗಿನ ಗಡಿಬಿಡಿಯಲ್ಲಿ ಓದಲಾಗದವರು ರಾತ್ರಿ ಮಕ್ಕಳು ಮಲಗಿದ ಮೇಲೆ ಓದಿರಿ.

ಹೋದ ಭಾನುವಾರ ಇಳಕಲ್‌ನಲ್ಲಿ ಸೇರಿದಾಗ ಐದು ನೀವರಣಗಳ ಬಗ್ಗೆ ಮಾತು ನಡೆದಿತ್ತು. ಮನಸ್ಸಿನ ದಾರಿಗೆ ಅಡ್ಡ ಬರುವ ಐದರಲ್ಲಿ ಒಂದು ಥೀನಮಿದ್ಧ, ಅಂದರೆ ಜಡತೆ ಮತ್ತು ತೂಕಡಿಕೆ. ಹಿಂದೆ ಕುಳಿತಿದ್ದ ಒಬ್ಬ ಸಹೋದರಿ, "ಹಂಗಾದ್ರ ನಮ್ಮ ಅಣ್ಣನ ಮಗಳಿಗೂ ಅದ ಆಗಿರಬೇಕು ರೀ" ಎಂದರು. ಎಲ್ಲರೂ ನಕ್ಕೆವು. ಆಕೆ ನಗಲಿಲ್ಲ.

ಅವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಅಣ್ಣ ನೇಕಾರ. ಒಂದು ತಿಂಗಳಿಂದ ಬಾಗಲಕೋಟೆಯ ಆಸ್ಪತ್ರೆಯಲ್ಲಿದ್ದಾನೆ, ಹೆಂಡತಿ ಅವನ ಜೊತೆಗಿದ್ದಾಳೆ. ಮನೆಯಲ್ಲಿ ಅಜ್ಜಿ, ಎರಡನೆಯ ತರಗತಿಯ ಈ ಹುಡುಗಿ, ಮೂರು ವರ್ಷದ ತಮ್ಮ. ಶಾಲೆಯಲ್ಲಿ ಹನ್ನೊಂದು ಗಂಟೆಯ ಹೊತ್ತಿಗೆ ಹುಡುಗಿಯ ತಲೆ ನೆಲಕ್ಕೆ ಬಾಗುತ್ತದೆ. ಎಬ್ಬಿಸಿದರೆ ಅಳುತ್ತಾಳೆ, ಪಾಟಿ ಎಸೆಯುತ್ತಾಳೆ, ಪಕ್ಕದವಳನ್ನು ಚಿವುಟುತ್ತಾಳೆ. ಮನೆಯಲ್ಲಿ ಶಿಸ್ತು ಕಲಿಸಿ ಎಂದು ಶಾಲೆಯಿಂದ ಹೇಳಿಕಳಿಸಿದ್ದಾರೆ. ಸಹೋದರಿ ಇನ್ನೊಂದು ಮಾತು ಹೇಳಿದರು: "ಮಗ್ಗದ ಸಪ್ಪಳದಾಗ ಮಲಗಿ ರೂಢಿ ಆದ ಕೂಸು ರೀ ಅದು. ಈಗ ಮನಿ ಸುಮ್ಮನಾಗೈತಿ. ರಾತ್ರಿ ಎದ್ದು ಕುಂದರತೈತಿ."

ಕುಣಿ ಮಗ್ಗ ಇರುವ ಮನೆ ಕಂಡವರಿಗೆ ಇದು ತಿಳಿಯುತ್ತದೆ. ಒಂದೇ ಕೋಣೆಯಲ್ಲಿ ಅರ್ಧ ಮಗ್ಗ, ಉಳಿದರ್ಧ ಸಂಸಾರ. ಲಾಳಿಯ ಸದ್ದು ಕೇಳುತ್ತಿದ್ದರೆ ಅಪ್ಪ ಇದ್ದಾನೆ ಎಂದು ಮಗುವಿಗೆ ನಿದ್ದೆಯಲ್ಲೂ ಗೊತ್ತಿರುತ್ತದೆ.

ಅಂದು ನಮ್ಮಲ್ಲಿ ಎರಡು ಅಭಿಪ್ರಾಯ ಬಂದವು. ಹಿರಿಯರೊಬ್ಬರು, ಬಾಬಾಸಾಹೇಬರು ದಿನಕ್ಕೆ 18 ಗಂಟೆ ಓದಿದವರು, ನಿದ್ದೆ ಗೆಲ್ಲುವುದನ್ನು ಚಿಕ್ಕಂದಿನಲ್ಲೇ ಕಲಿಸಬೇಕು ಎಂದರು. ಇನ್ನೊಬ್ಬರು, ಪಾಪ, ಮಲಗಲಿ ಬಿಡ್ರಿ ಎಂದರು. ಸಹೋದರಿಗೆ ಎರಡೂ ಒಪ್ಪಿಗೆಯಾಗಲಿಲ್ಲ. "ಮಲಗಲಿ ಅಂತ ಬಿಟ್ಟರ ಪಾಠ ಯಾರು ಕಲಸ್ತಾರ? ನಮ್ಮಂಥವರ ಮನಿಗೆ ಸಾಲಿ ಬಿಟ್ಟರ ಬ್ಯಾರೆ ಏನೈತಿ?" ಈ ಪ್ರಶ್ನೆಗೆ ಅಂದು ಯಾರಲ್ಲೂ ಉತ್ತರವಿರಲಿಲ್ಲ. ಬರೆಯುತ್ತೇನೆ ಎಂದು ಒಪ್ಪಿಕೊಂಡು ಬಂದೆ.

ಮೊದಲು ಸುತ್ತಗಳ ಕಡೆ ನೋಡೋಣ. ಅಂಗುತ್ತರ ನಿಕಾಯದ ಏಳನೆಯ ನಿಪಾತದಲ್ಲಿ ಮೊಗ್ಗಲ್ಲಾನರು ಧ್ಯಾನಕ್ಕೆ ಕುಳಿತು ತೂಕಡಿಸುವ ಪ್ರಸಂಗವಿದೆ. ಮುಂದೆ ಬುದ್ಧರ ಇಬ್ಬರು ಅಗ್ರಶ್ರಾವಕರಲ್ಲಿ ಒಬ್ಬರಾದ ಮೊಗ್ಗಲ್ಲಾನರೇ! ಬುದ್ಧರು ಅವರನ್ನು ಗದರಲಿಲ್ಲ. ಒಂದೊಂದಾಗಿ ಉಪಾಯ ಹೇಳುತ್ತಾ ಹೋದರು. ತೂಕಡಿಕೆ ತಂದ ಯೋಚನೆಯನ್ನು ಬಿಡು. ಕೇಳಿದ ಧಮ್ಮವನ್ನು ನೆನೆ, ಬಾಯಿಬಿಟ್ಟು ಹೇಳು. ಕಿವಿ ಎಳೆದುಕೊ, ಮೈ ಉಜ್ಜಿಕೊ. ಎದ್ದು ಕಣ್ಣಿಗೆ ನೀರು ಹಾಕಿಕೊಂಡು ನಕ್ಷತ್ರ ನೋಡು. ಬೆಳಕನ್ನು ಮನಸ್ಸಿಗೆ ತಂದುಕೊ. ಅತ್ತಿಂದಿತ್ತ ನಡೆ. ಇಷ್ಟಾದರೂ ಹೋಗದಿದ್ದರೆ, ಏಳುವ ಹೊತ್ತನ್ನು ಮನಸ್ಸಿನಲ್ಲಿಟ್ಟುಕೊಂಡು ಬಲಮಗ್ಗುಲಿಗೆ ಮಲಗು.

ಕೊನೆಯ ಉಪಾಯ ಮಲಗುವುದೇ. ಸಾಧನೆಗೆಂದೇ ಮನೆಬಿಟ್ಟು ಬಂದ ಗಟ್ಟಿಮುಟ್ಟಾದ ಭಿಕ್ಖುವಿಗೆ ಆ ಅನುಮತಿ ಸಿಕ್ಕಿತು. ಏಳು ವರ್ಷದ ಹುಡುಗಿಗೆ ನಾವು ಕೊಡುವುದಿಲ್ಲ. ಅಲ್ಲಿ ಹೇಳಿರುವುದು ತನ್ನ ಕಿವಿಯನ್ನು ತಾನೇ ಎಳೆದುಕೊಳ್ಳುವ ಮಾತು. ನಮ್ಮ ಶಾಲೆಗಳು ಅದನ್ನು ಹೇಗೆ ಅರ್ಥ ಮಾಡಿಕೊಂಡಿವೆ ಎಂಬುದು ನನ್ನ ವಯಸ್ಸಿನವರ ಕಿವಿಗಳಿಗೆ ಗೊತ್ತು.

ಮಜ್ಝಿಮ ನಿಕಾಯದ ಮಹಾಸಚ್ಚಕ ಸುತ್ತದಲ್ಲಿ ಸಚ್ಚಕನೆಂಬ ವಾದಿ ಬುದ್ಧರನ್ನೇ ಕೇಳುತ್ತಾನೆ, ನೀವು ಹಗಲಲ್ಲಿ ಮಲಗಿದ್ದುಂಟೇ ಎಂದು. ಹೌದು, ಬೇಸಿಗೆಯ ಕೊನೆಯ ತಿಂಗಳಲ್ಲಿ ಊಟವಾದ ಮೇಲೆ ಸಂಘಾಟಿಯನ್ನು ಮಡಚಿ ಹಾಸಿಕೊಂಡು ಮಲಗಿದ್ದು ನೆನಪಿದೆ ಎಂದು ಅವರು ಒಪ್ಪಿಕೊಳ್ಳುತ್ತಾರೆ. ಅದನ್ನು ಮೋಹ ಎಂದು ಕರೆಯುವವರಿದ್ದಾರೆ ಎಂದು ಸಚ್ಚಕ ಚುಚ್ಚುತ್ತಾನೆ. ಮಲಗಿದ್ದರಿಂದ ಯಾರೂ ಮೂಢರಾಗುವುದಿಲ್ಲ ಎಂಬುದು ಬುದ್ಧರ ಉತ್ತರದ ತಾತ್ಪರ್ಯ. ಹಾಗಾಗಿ ಆ ಹುಡುಗಿಗೆ ಬಂದಿರುವುದು ನೀವರಣವಲ್ಲ. ದೇಹದ ಬಾಕಿ ಅದು, ರಾತ್ರಿ ಸಲ್ಲದೆ ಉಳಿದದ್ದನ್ನು ಹಗಲು ವಸೂಲಿ ಮಾಡುತ್ತಿದೆ. 6ರಿಂದ 12 ವರ್ಷದ ಮಕ್ಕಳಿಗೆ ದಿನಕ್ಕೆ 9ರಿಂದ 12 ಗಂಟೆ ನಿದ್ದೆ ಬೇಕು ಎನ್ನುತ್ತಾರೆ ನಿದ್ರಾ ವೈದ್ಯರು. ಇನ್ನೊಂದು ಸಂಗತಿ ದೊಡ್ಡವರು ಮರೆಯುತ್ತೇವೆ. ನಮಗೆ ದಣಿವಾದರೆ ಮಂಕಾಗುತ್ತೇವೆ. ಮಕ್ಕಳು ಎಷ್ಟೋ ಸಲ ಅತಿ ದಣಿದಾಗ ಇನ್ನೂ ಹೆಚ್ಚು ಕುಣಿಯುತ್ತಾರೆ, ಜಗಳ ತೆಗೆಯುತ್ತಾರೆ, ಕಾರಣವಿಲ್ಲದೆ ಅಳುತ್ತಾರೆ. ಪಾಟಿ ಎಸೆಯುವುದೂ ಚಿವುಟುವುದೂ ನಿದ್ದೆಯ ಭಾಷೆಯೇ.

ಇದನ್ನು ನಾನು ಪುಸ್ತಕದಿಂದ ಕಲಿಯಲಿಲ್ಲ, ತಪ್ಪು ಮಾಡಿ ಕಲಿತೆ. 2019ರ ಆಗಸ್ಟ್‌ನಲ್ಲಿ ಮಲಪ್ರಭೆ, ಘಟಪ್ರಭೆ, ಕೃಷ್ಣೆ ಮೂರೂ ಒಟ್ಟಿಗೆ ಏರಿದ್ದು ನಿಮಗೆಲ್ಲ ನೆನಪಿದೆ. ಪಟ್ಟದಕಲ್ಲಿನ ಗುಡಿಗಳ ಅಂಗಳದಲ್ಲೂ ನೀರು ನಿಂತಿತ್ತು. ಆಗ ನಾನು ಬಾದಾಮಿ ತಾಲ್ಲೂಕಿನ ಹೊಳೆದಂಡೆಯ ಒಂದು ಊರಿನಲ್ಲಿ ಶಿಕ್ಷಕ. ನೀರು ಇಳಿದು ಶಾಲೆ ಮತ್ತೆ ತೆರೆದಾಗ ಕೆಲವು ಕುಟುಂಬಗಳು ಇನ್ನೂ ತಗಡಿನ ಶೆಡ್‌ಗಳಲ್ಲಿದ್ದವು. ತಪ್ಪಿದ ಪಾಠ ತುಂಬಿಸಬೇಕೆಂಬ ಆತುರ ನಮಗೆ. ಒಂದನೆಯ ತರಗತಿಯಲ್ಲಿ ಒಬ್ಬ ಹುಡುಗ ದಿನವೂ ಯಾರನ್ನಾದರೂ ಹೊಡೆಯುತ್ತಿದ್ದ. ಒಂದು ದಿನ ಅವನನ್ನು ಹೊರಗೆ ಗೋಡೆಗೆ ನಿಲ್ಲಿಸಿದೆ. ಶಿಕ್ಷಣ ಹಕ್ಕು ಕಾಯ್ದೆಯ 17ನೆಯ ಸೆಕ್ಷನ್ ಮಗುವಿಗೆ ದೈಹಿಕ ಶಿಕ್ಷೆಯನ್ನೂ ಮಾನಸಿಕ ಹಿಂಸೆಯನ್ನೂ ನಿಷೇಧಿಸಿದೆ ಎಂದು ಗೊತ್ತಿದ್ದೇ ನಿಲ್ಲಿಸಿದೆ. ಸ್ವಲ್ಪ ಹೊತ್ತಿನ ಮೇಲೆ ನೋಡಿದರೆ ನಿಂತಲ್ಲೇ ನಿದ್ದೆ ಹೋಗಿ, ಗೋಡೆಗುಂಟ ಜಾರಿ, ಕುಸಿದು ಬಿದ್ದಿದ್ದ.

ಅಡುಗೆಯ ಅಕ್ಕ ಬಂದು ಅವನನ್ನು ಎತ್ತಿಕೊಂಡರು. "ಸರ್, ಇವನ ಅಜ್ಜಿಗೆ ಹೊಳಿ ಅಂಜಿಕಿ ಹತ್ತೈತಿ. ಮಳಿ ಹನಿ ಬಿದ್ದರ ಸಾಕು, ನೀರು ಬಂತು ಅಂತ ಮೊಮ್ಮಕ್ಕಳನ್ನೆಲ್ಲ ಎಬ್ಬಿಸಿ ಗುಡಿ ಕಟ್ಟಿಗೆ ಒಯ್ತಾಳ. ರಾತ್ರಿ ಮೂರು ಸಲ." ಖಾಲಿ ಅಕ್ಕಿ ಚೀಲ ಹಾಸಿ ಅವನನ್ನು ವರಾಂಡದಲ್ಲಿ ಮಲಗಿಸಿದರು. ಆ ಅಜ್ಜಿಯನ್ನಾದರೂ ಹೇಗೆ ಬೈಯುವುದು? 2009ರಲ್ಲೂ ಅವಳು ಅದೇ ಹೊಳೆಯಿಂದ ಓಡಿದವಳು. ಹತ್ತು ವರ್ಷದ ಮೇಲೆ ಮತ್ತೆ ಬಂದ ಹೊಳೆ ನಾಳೆ ಬರುವುದಿಲ್ಲ ಎಂದು ಅವಳಿಗೆ ಯಾರು ಹೇಳಬೇಕಿತ್ತು? ಅವಳು ಕಾವಲು ಕಾಯುತ್ತಿದ್ದಳು, ಅವಳೊಂದಿಗೆ ಆರು ವರ್ಷದ ಹುಡುಗನೂ ಕಾಯುತ್ತಿದ್ದ. ಬೆಳಿಗ್ಗೆ ಅವನು ಶಾಲೆಗೆ ಬರುತ್ತಿದ್ದದ್ದು ರಾತ್ರಿ ಪಾಳಿ ಮುಗಿಸಿದವನ ಹಾಗೆ. ನಾನು ನಿಲ್ಲಿಸಿದ್ದು ಅವನನ್ನು.

ಅಂದಿನಿಂದ ಸುಮಾರು ಮೂರು ವಾರ ಅವನು ದಿನವೂ ಮುಕ್ಕಾಲು ಗಂಟೆ ಮಲಗಿದ. ಹೊಡೆಯುವುದು ಕಡಿಮೆಯಾಯಿತು. ಆದರೆ ಸಹೋದರಿಯ ಪ್ರಶ್ನೆ ಇಲ್ಲೇ ಇದೆ, ಅದನ್ನು ಮುಚ್ಚಿಡಲಾರೆ. ದೀಪಾವಳಿಯ ಹೊತ್ತಿಗೆ ಅವನು ಓರಗೆಯವರಿಗಿಂತ ಹಿಂದೆ ಬಿದ್ದಿದ್ದ. ನಲಿ-ಕಲಿಯಲ್ಲಿ ಪ್ರತಿ ಮಗು ತನ್ನ ಮೆಟ್ಟಿಲಿನಿಂದ ತಾನು ಹತ್ತಬಹುದು, ಹಾಗಾಗಿ ಮಧ್ಯಾಹ್ನದ ಊಟದ ನಂತರ ಅವನನ್ನು ಬೇರೆ ಕೂರಿಸಿಕೊಂಡು ಅಕ್ಷರ ತಿದ್ದಿಸಿದೆ. ಎಷ್ಟೋ ಮಟ್ಟಿಗೆ ಬಂದ. ಅಷ್ಟರಲ್ಲಿ 2020ರ ಮಾರ್ಚ್‌ನಲ್ಲಿ ಕೊರೊನಾ ಬಂದು ಶಾಲೆಗಳೇ ಮುಚ್ಚಿದವು. ನಂತರ ನನಗೆ ವರ್ಗವಾಯಿತು. ಅವನನ್ನು ನಾನು ಮತ್ತೆ ನೋಡಿಲ್ಲ. ನಿದ್ದೆಗೆ ಬಿಟ್ಟರೆ ಎಲ್ಲ ಸರಿಹೋಗುತ್ತದೆ ಎಂದು ನಾನು ಹೇಳಲಾರೆ. ಎಚ್ಚರವಾಗಿ ಕೂರಿಸಿದ್ದರೂ ಆ ಮೂರು ವಾರ ಅವನ ತಲೆಗೆ ಒಂದಕ್ಷರವೂ ಹೋಗುತ್ತಿರಲಿಲ್ಲ ಎಂದು ಮಾತ್ರ ಹೇಳಬಲ್ಲೆ.

ಆಳವಿಯ ರೈತನ ಕಥೆ ಇಲ್ಲಿ ನೆನಪಾಗುತ್ತದೆ, ಧಮ್ಮಪದದ ಅಟ್ಠಕಥೆಯಲ್ಲಿದೆ. ಕಳೆದುಹೋದ ಎತ್ತನ್ನು ಹುಡುಕಿ ಸುಸ್ತಾಗಿ ಹಸಿದು ತಡವಾಗಿ ಬಂದ ಬಡವನಿಗಾಗಿ ಬುದ್ಧರು ಕಾಯುತ್ತಾರೆ. ಅವನು ಬಂದ ಮೇಲೂ ಉಪದೇಶ ತೊಡಗುವುದಿಲ್ಲ, ಉಳಿದ ಅನ್ನವಿದ್ದರೆ ಅವನಿಗೆ ಬಡಿಸಿ ಎನ್ನುತ್ತಾರೆ. ಅವನ ದಣಿವು ಆರಿದ ಮೇಲೆ ಮಾತು. ಭಿಕ್ಖುಗಳಿಗೆ ಇದು ವಿಚಿತ್ರವೆನಿಸಿತಂತೆ. ಶಾಲೆಯಲ್ಲಿ ಬಿಸಿಯೂಟ ಬಂದ ಮೇಲೆ ಈ ಕಥೆಯ ಅರ್ಧ ನಮಗೆ ಒಪ್ಪಿಗೆಯಾಗಿದೆ. ಹಸಿದ ಮಗುವಿಗೆ ಪಾಠ ಹತ್ತುವುದಿಲ್ಲ ಎಂದು ಈಗ ಯಾರೂ ವಾದಿಸುವುದಿಲ್ಲ. ನಿದ್ದೆಯ ವಿಷಯ ಇನ್ನೂ ಅಲ್ಲಿಗೆ ಬಂದಿಲ್ಲ.

ಇನ್ನು 18 ಗಂಟೆಯ ಮಾತು. ಹಿರಿಯರ ಬಗ್ಗೆ ಗೌರವವಿಟ್ಟುಕೊಂಡೇ ಹೇಳುತ್ತೇನೆ, ಬಾಬಾಸಾಹೇಬರ ಹೆಸರನ್ನು ದಣಿದ ಮಗುವಿನ ಮೇಲೆ ಬೆತ್ತದಂತೆ ಬೀಸಬಾರದು. ಧನಂಜಯ ಕೀರ್ ಬರೆದ ಜೀವನಚರಿತ್ರೆಯನ್ನು ತೆಗೆದು ನೋಡಿ. ಮುಂಬಯಿಯ ಪರೇಲ್‌ನ ಚಾಳಿನಲ್ಲಿ ಇಡೀ ಕುಟುಂಬಕ್ಕೆ ಒಂದೇ ಕೋಣೆ. ಹುಡುಗನಾಗಿದ್ದ ಭೀಮರಾಯರನ್ನು ತಂದೆ ರಾಮ್‌ಜಿ ಬೇಗ ಮಲಗಿಸಿ, ತಾವು ಎಚ್ಚರವಿದ್ದು, ಬೆಳಗಿನ ಜಾವ ಎರಡಕ್ಕೆ ಮಗನನ್ನು ಓದಲು ಎಬ್ಬಿಸಿ, ಆಮೇಲೆ ತಾವು ಅಡ್ಡಾಗುತ್ತಿದ್ದರು. ನಾವು ಎರಡು ಗಂಟೆಗೆ ಎದ್ದದ್ದನ್ನಷ್ಟೇ ಭಾಷಣದಲ್ಲಿ ಹೇಳುತ್ತೇವೆ. ಅದಕ್ಕೆ ಮುಂಚೆ ಮಗ ಮಲಗಿದ್ದ, ಅವನು ಮಲಗಲೆಂದು ಆ ಇಕ್ಕಟ್ಟಿನ ಕೋಣೆಯಲ್ಲಿ ಒಬ್ಬ ತಂದೆ ಎಚ್ಚರವಿದ್ದ. ನನಗೆ ಈ ಕಥೆಯಲ್ಲಿ ಹೆಚ್ಚು ಕಾಣುವುದು ಆ ತಂದೆಯೇ.

ಸಹೋದರಿಯ ಮನೆಯಲ್ಲಿ ಈಗ ಇಲ್ಲದಿರುವುದು ಅದು. ಅಜ್ಜಿ ಇದ್ದಾಳೆ, ಆದರೆ ಅಜ್ಜಿಯೂ ಮಗನ ಚಿಂತೆಯಲ್ಲಿದ್ದಾಳೆ. ತಮ್ಮ ರಾತ್ರಿ ಅತ್ತರೆ ಎದ್ದು ನೀರು ಕೊಡುವವಳು ಈ ಹುಡುಗಿ. ಅಮ್ಮನ ಫೋನು ಬರುವುದು ವಾರ್ಡಿನ ಕೆಲಸ ಮುಗಿದ ಮೇಲೆ, ಹತ್ತೂವರೆಗೆ. ಅದನ್ನು ಕಾಯುವವಳೂ ಅವಳೇ.

ಇದರ ಮೇಲೆ ನಮ್ಮ ಪದ್ಧತಿ ಬೇರೆ ಇದೆ. ಯಾರಿಗಾದರೂ ಜಡ್ಡಾದರೆ ಮಾತಾಡಿಸಲು ಹೋಗಬೇಕು. ಹೋಗದಿದ್ದರೆ ತಪ್ಪಾಗುತ್ತದೆ. ಹುನಗುಂದದಿಂದ, ಬಾದಾಮಿಯಿಂದ ಸಂಜೆ ಬಸ್ಸಿಗೆ ಬರುತ್ತೇವೆ. ಚಹಾ ಆಗುತ್ತದೆ. ಯಾವ ಡಾಕ್ಟರು, ಎಷ್ಟು ಖರ್ಚು, ಯಾರ ಹತ್ತಿರ ಸಾಲ, ಹಿಂದೆ ಇದೇ ಜಡ್ಡಿನಿಂದ ಯಾರು ತೀರಿಕೊಂಡರು, ಎಲ್ಲ ಮಾತೂ ಹನ್ನೊಂದರವರೆಗೆ ನಡೆಯುತ್ತದೆ. ಮಗು ಮೂಲೆಯಲ್ಲಿ ಕಣ್ಣುಮುಚ್ಚಿರುತ್ತದೆ, ಮಲಗಿದೆ ಎಂದುಕೊಳ್ಳುತ್ತೇವೆ. ತೀರಿಕೊಂಡವರ ಹೆಸರು ಅದಕ್ಕೆ ಕೇಳಿಸಿರುತ್ತದೆ. ಬಸ್ಸು ತಪ್ಪಿದರೆ ಅದೇ ಮಗುವಿನ ಹಾಸಿಗೆ ನಮಗೆ. ಮರುದಿನ ಶನಿವಾರವಾದರೆ ಬೆಳಗಿನ ಶಾಲೆ, ಇನ್ನೂ ಬೇಗ ಏಳಬೇಕು. ಕರುಣೆಯಿಂದಲೇ ಹೋಗಿರುತ್ತೇವೆ, ಅದರಲ್ಲಿ ಸಂಶಯವಿಲ್ಲ. ನಾನೂ ಹೀಗೆ ಎಷ್ಟು ಮನೆಗಳಲ್ಲಿ ಕುಳಿತಿದ್ದೇನೋ.

ದಾನದಲ್ಲಿ ಅಭಯದಾನ ಎಂದು ಒಂದಿದೆ. ಅದನ್ನು ದೊಡ್ಡ ದೊಡ್ಡ ಸಂದರ್ಭಗಳಿಗೆ ಮೀಸಲಿಟ್ಟು ಮಾತಾಡುತ್ತೇವೆ. ಮಗು ನಿದ್ದೆ ಹೋಗುವುದು ಅಂಜಿಕೆ ಇಲ್ಲದಾಗ. ಸಂಕಟದ ಮನೆಯ ಮಗುವಿಗೆ ರಾತ್ರಿ ಎಂಟೂವರೆಗೆ ಸದ್ದು ತಗ್ಗಿಸಿ, ನೀನು ಮಲಗು, ತಮ್ಮ ಎದ್ದರೆ ನಾನು ನೋಡುತ್ತೇನೆ, ಅಮ್ಮನ ಫೋನು ಬಂದರೆ ನಾನು ಎತ್ತುತ್ತೇನೆ ಎಂದು ಹೇಳುವ ಒಬ್ಬ ದೊಡ್ಡ ಮನುಷ್ಯ ಸಿಕ್ಕರೆ, ಅದೂ ಅಭಯದಾನವೇ. ಹಣ್ಣು ತೆಗೆದುಕೊಂಡು ಹೋಗುವ ಬದಲು ಒಂದು ರಾತ್ರಿ ಅಲ್ಲೇ ಉಳಿದು ಕಾವಲಿರುವುದು. ಶಿಕ್ಷಕರು ಹಗಲಲ್ಲಿ ಅರ್ಧ ಗಂಟೆ ಚಾಪೆ ಹಾಸಿಕೊಡಬಹುದು, ಬಿಟ್ಟುಹೋದ ಪಾಠವನ್ನು ಮತ್ತೆ ಹಿಡಿಸಬಹುದು. ರಾತ್ರಿಯ ಬಾಕಿ ರಾತ್ರಿಯೇ ತೀರಬೇಕು, ಅದು ಶಾಲೆಯಿಂದ ಆಗುವ ಕೆಲಸವಲ್ಲ.

ಶಾಲೆಗೆ ಹೇಳುವುದಕ್ಕೂ ನಮಗೆ ಸಂಕೋಚ. ಮನಿ ಮಾತು ಹೊರಗ ಹೋಗಬಾರದು ಎನ್ನುತ್ತೇವೆ. ಜಡ್ಡು, ಸಾಲ, ಗುಳೆ ಹೋದದ್ದು, ಗಂಡ ಹೆಂಡತಿಯ ಜಗಳ ಎಲ್ಲವನ್ನೂ ಹೇಳಬೇಕಾಗಿಲ್ಲ. ಮಗುವಿಗೆ ಈಗ ರಾತ್ರಿ ನಿದ್ದೆ ಆಗುತ್ತಿಲ್ಲ, ತೂಕಡಿಸಿದರೆ ಬೈಯಬೇಡಿ ಎಂಬ ಒಂದು ಮಾತು ಸಾಕು. 2019ರಲ್ಲಿ ಆ ಮಾತು ನನಗೆ ಮೊದಲೇ ತಲುಪಿದ್ದರೆ ಎಂದು ಈಗಲೂ ಅನಿಸುತ್ತದೆ. ಕೇಳದೆ ಇದ್ದವನು ನಾನೇ ಎಂಬುದೂ ನಿಜ.

ಹೋದ ವೈಶಾಖದಲ್ಲಿ ಐಹೊಳೆಗೆ ಹೋಗಿದ್ದೆವಲ್ಲ. ಮೇಗುತಿ ಗುಡ್ಡದ ಬೌದ್ಧ ಗುಹೆಯ ಎದುರು ಪ್ರವಚನ ನಡೆಯುವಾಗ ನಮ್ಮ ಮಕ್ಕಳೆಲ್ಲ ತಣ್ಣನೆಯ ಕಲ್ಲಿನ ಮೇಲೆ ಸಾಲಾಗಿ ನಿದ್ದೆ ಹೋಗಿದ್ದವು. ಯಾರೂ ಎಬ್ಬಿಸಲಿಲ್ಲ. ಒಬ್ಬರು ತಮ್ಮ ಶಲ್ಯ ಹೊದಿಸಿದರು. ಅಲ್ಲಿ ಅದು ಯಾರಿಗೂ ಅಶಿಸ್ತು ಎನಿಸಿರಲಿಲ್ಲ.

ಮೊನ್ನೆ ಸಹೋದರಿ ಫೋನು ಮಾಡಿದ್ದರು. ಅಣ್ಣನ ಸ್ಥಿತಿ ಹಾಗೇ ಇದೆ, ಇನ್ನೂ ಹದಿನೈದು ದಿನ ಎಂದಿದ್ದಾರಂತೆ. ಅವರು ತಾವೇ ಹೋಗಿ ಶಾಲೆಯಲ್ಲಿ ಮಾತಾಡಿದರು, ಗುರುಗಳು ಮೊದಲು ಸುಮ್ಮನಿದ್ದು, ಆಮೇಲೆ ಗೊತ್ತಿರಲಿಲ್ಲ ಎಂದರಂತೆ. ತಮ್ಮನನ್ನು ಅತ್ತೆ ಕರೆದೊಯ್ದಿದ್ದಾರೆ. ಹುಡುಗಿ ಎರಡು ದಿನದಿಂದ ಪಕ್ಕದ ಮನೆಯಲ್ಲಿ ಮಲಗುತ್ತಿದ್ದಾಳೆ, ಅಲ್ಲಿ ಒಂಬತ್ತೂವರೆಯವರೆಗೆ ಮಗ್ಗ ನಡೆಯುತ್ತದೆ. ಜನ ಏನೆಂದಾರು ಎಂದು ಅಜ್ಜಿಗೆ ಮುಜುಗರವಿದೆ. ನಿನ್ನೆ ಬೆಳಿಗ್ಗೆ ಆರೂವರೆಯವರೆಗೆ ಎದ್ದಿರಲಿಲ್ಲವಂತೆ.

ಈ ಭಾನುವಾರದ ಅಧ್ಯಯನ ಎಂದಿನಂತೆ ಸಂಜೆ 4ಕ್ಕೆ. ಮಕ್ಕಳನ್ನು ಕರೆತರುವವರು ಒಂದು ಚಾಪೆ ತನ್ನಿ.